ಇಲಿ ಬಿದ್ದರೆ ಊರು ಬಿಡು



ಕಳೆದ ಬಾರಿ ಸಂಘದ ಸಭೆ ಮುಗಿದು ಎಲ್ಲರೂ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗ ಹುಡುಗಿಯೊಬ್ಬಳು ನನ್ನ ಬಳಿ ಬಂದಳು. ಮಣಿಕೊಂಡದಲ್ಲೇ ಹುಟ್ಟಿ ಬೆಳೆದವಳು, ಈಗ ಡಿಗ್ರಿ ಎರಡನೇ ವರ್ಷ. "ಅಂಕಲ್, ನಿಮ್ಮ ಅಂಕಣಕ್ಕೆ ಒಂದು ಪ್ರಶ್ನೆ. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಖಾಲಿ ಜಾಗದಲ್ಲಿ ಜೆಸಿಬಿ ತಂದು ನೆಲ ಅಗೆಯೋಕೆ ಶುರು ಮಾಡಿದಾರೆ. ಆವತ್ತಿನಿಂದ ನೆಲಮಹಡಿ ತುಂಬ ಇಲಿ. ಅದರಲ್ಲಿ ಕೆಲವು ಮಾಮೂಲಿ ಇಲಿ ಥರ ಇಲ್ಲ, ಕುಪ್ಪಳಿಸ್ತವೆ. ಬಾಲದ ತುದೀಲಿ ಕಪ್ಪು ಕುಚ್ಚು ಇದೆ. ಅವು ಯಾವುವು? ಈ ಭಾನುವಾರ ಎಲ್ಲ ಕಡೆ ವಿಷ ಇಡ್ತಾರಂತೆ" ಎಂದಳು.

ವಿಷದ ಮಾತು ಕೇಳಿ ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. "ಭಾನುವಾರದ ಒಳಗೆ ನಿಮ್ಮ ತಂದೆಯವರ ಹತ್ತಿರ ಮಾತಾಡ್ತೀನಮ್ಮ, ವಿಷ ಇಡೋದಕ್ಕೆ ಮುಂಚೆ ಇನ್ನೊಂದು ಕೆಲಸ ಇದೆ" ಎಂದೆ. ಯಾವ ಕೆಲಸ, ಏಕೆ ಎಂಬುದನ್ನು ಅಲ್ಲಿ ನಿಂತು ವಿವರಿಸಲು ಆಗಲಿಲ್ಲ. ಆದ್ದರಿಂದ ಈ ಸಲದ ಅಂಕಣವೆಲ್ಲ ಅದಕ್ಕೇ ಮೀಸಲು.

ಆಕೆ ಹೇಳಿದ ಗುರುತುಗಳನ್ನು ನೋಡಿದರೆ ಅದು ಜರ್ಬಿಲ್ ಎಂಬ ಬಯಲಿಲಿ ಇರಬೇಕು. ಪ್ರಾಣಿಶಾಸ್ತ್ರದಲ್ಲಿ ಅದಕ್ಕೆ ಟಟೇರಾ ಇಂಡಿಕಾ ಎಂದು ಹೆಸರು. ಬೆನ್ನು ಮರಳಿನ ಬಣ್ಣ, ಹೊಟ್ಟೆ ಬಿಳುಪು, ದೊಡ್ಡ ದೊಡ್ಡ ಕಣ್ಣು, ಮೈಗಿಂತ ಉದ್ದವಾದ ಬಾಲ, ಬಾಲದ ತುದಿಯಲ್ಲಿ ಕಪ್ಪು ಕೂದಲಿನ ಕುಚ್ಚು. ಹೆದರಿದಾಗ ಪುಟ್ಟ ಜಿಂಕೆಮರಿಯ ಹಾಗೆ ನೆಗೆನೆಗೆದು ಓಡುತ್ತದೆ. ಹಗಲೆಲ್ಲ ಬಿಲದಲ್ಲಿದ್ದು ರಾತ್ರಿ ಹೊರಗೆ ಬರುತ್ತದೆ. ಹುಲ್ಲು, ಬೀಜ, ಹುಳುಹುಪ್ಪಟೆ ಇದರ ಆಹಾರ. ಜರ್ಬಿಲ್‌ಗಳದು ಒಣನೆಲದ ವಂಶ. ಸಹಾರಾ, ಅರೇಬಿಯಾ, ಇರಾನ್, ಮಧ್ಯ ಏಷ್ಯಾದ ಮರುಭೂಮಿಗಳೇ ಇವುಗಳ ತವರು. ನಮ್ಮ ಟಟೇರಾ ಮಾತ್ರ ಸಿರಿಯಾದಿಂದ ಶ್ರೀಲಂಕೆಯವರೆಗೂ ಹರಡಿಕೊಂಡಿದೆ. ದಖ್ಖನ್ನಿನ ಬಂಡೆ, ಕುರುಚಲು, ಹೊಲದ ಬದು ಇದಕ್ಕೆ ಹೇಳಿಮಾಡಿಸಿದ ಜಾಗ. ನೀವು ಈಗ ಲಿಫ್ಟಿನಲ್ಲಿ ಹತ್ತಿಳಿಯುವ ಮಣಿಕೊಂಡ ಹೆಸರಿಗೆ ತಕ್ಕಂತೆ ಒಂದು ಕಾಲಕ್ಕೆ ಕೊಂಡಗಳ ನೆಲ. ನಿಮ್ಮ ತಂದೆತಾಯಿ ಇಲ್ಲಿಗೆ ಬಂದ ಹೊಸದರಲ್ಲಿ ಸಂಜೆಯಾದರೆ ಬಂಡೆಗಳ ಸಂದಿಯಲ್ಲಿ ಸೀತಾಫಲದ ಪೊದೆಗಳು ಕಾಣುತ್ತಿದ್ದುವು. ಬೇಕಾದರೆ ಕೇಳಿ ನೋಡಿ. ಜರ್ಬಿಲ್ ನಿಮಗಿಂತ ಬಹಳ ಹಿಂದಿನ ಮಣಿಕೊಂಡ ನಿವಾಸಿ.

ಇನ್ನು ವಿಷದ ಮಾತಿಗೆ ಬರೋಣ. ನನ್ನ ಅಜ್ಜಿ ಮುಳಬಾಗಿಲು ಕಡೆಯವರು. ಅವರ ಬಾಯಲ್ಲಿ ಒಂದು ಮಾತಿತ್ತು: "ಇಲಿ ಬಿದ್ದರೆ ಊರು ಬಿಡು." ಅಟ್ಟದ ಮೇಲಿನಿಂದ, ತೊಲೆಯ ಮೇಲಿನಿಂದ ಸತ್ತ ಇಲಿ ತಾನಾಗಿಯೇ ಕೆಳಗೆ ಬಿದ್ದರೆ ಅದನ್ನು ಮುಟ್ಟಬಾರದು, ಪಾತ್ರೆಪಗಡಗಳನ್ನು ಗಂಟು ಕಟ್ಟಿಕೊಂಡು ಊರ ಹೊರಗಿನ ತೋಪಿಗೆ ಹೋಗಿ ಗುಡಿಸಲು ಹಾಕಿಕೊಳ್ಳಬೇಕು. ಅವರು ಚಿಕ್ಕವರಿದ್ದಾಗ ಒಂದು ವರ್ಷ ಊರಿಗೆ ಊರೇ ಮಾವಿನ ತೋಪಿನಲ್ಲಿ ಮೂರು ತಿಂಗಳು ಕಳೆಯಿತಂತೆ. ಅಲ್ಲೇ ಒಂದು ಮದುವೆಯೂ ನಡೆಯಿತಂತೆ! ನಾವು ಮೊಮ್ಮಕ್ಕಳು ನಗುತ್ತಿದ್ದೆವು. ಇಲಿಗೆ ಹೆದರಿ ಊರು ಬಿಟ್ಟ ಶೂರರು ಎಂದು ಹಾಸ್ಯ ಮಾಡುತ್ತಿದ್ದೆವು. ಆ ಮಾತಿನಲ್ಲಿ ಎಷ್ಟು ವಿಜ್ಞಾನವಿತ್ತು ಎಂಬುದು ತಿಳಿದದ್ದು ಬಹಳ ವರ್ಷದ ಮೇಲೆ.

ಅಜ್ಜಿ ಹೇಳುತ್ತಿದ್ದದ್ದು ಪ್ಲೇಗಿನ ವಿಷಯ. 1896ರಲ್ಲಿ ಬೊಂಬಾಯಿಗೆ ಬಂದ ಈ ಕಾಯಿಲೆ ರೈಲುಹಳಿಗಳ ಜೊತೆಗೇ ದೇಶವೆಲ್ಲ ಸುತ್ತಿತು. 1898ರ ಆಗಸ್ಟಿನಲ್ಲಿ ಬೆಂಗಳೂರು ತಲುಪಿತು. ಬಸವನಗುಡಿ, ಮಲ್ಲೇಶ್ವರಗಳು ಅಗಲ ಬೀದಿಗಳೊಡನೆ ಬೆಳೆದದ್ದಕ್ಕೆ ಈ ಪ್ಲೇಗೂ ಒಂದು ಕಾರಣ. ಹೈದರಾಬಾದನ್ನೂ ಬಿಡಲಿಲ್ಲ. 1908ರ ಮೂಸಿ ಪ್ರವಾಹ ಮತ್ತು 1911ರ ಪ್ಲೇಗು, ಈ ಎರಡು ಪೆಟ್ಟುಗಳ ನಂತರ ನಗರವನ್ನು ಹೊಸದಾಗಿ ಕಟ್ಟಲು 1912ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಒಟ್ಟು ಭಾರತದಲ್ಲಿ ಸತ್ತವರ ಸಂಖ್ಯೆ 1 ಕೋಟಿಗೂ ಹೆಚ್ಚು.

ಈ ರೋಗಕ್ಕೆ ಕಾರಣವಾದ ಯೆರ್ಸಿನಿಯಾ ಪೆಸ್ಟಿಸ್ ಎಂಬ ಬ್ಯಾಕ್ಟೀರಿಯವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ್ದ. ಆದರೆ ಅದು ಇಲಿಯಿಂದ ಮನುಷ್ಯನಿಗೆ ಹೇಗೆ ದಾಟುತ್ತದೆ? ಅದನ್ನು ಕಂಡವನು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ, 1898ರಲ್ಲಿ ಕರಾಚಿಯಲ್ಲಿ. ಸತ್ತ ಇಲಿಯ ಮೈ ತಣ್ಣಗಾದ ಕೂಡಲೇ ಅದರ ಮೈಮೇಲಿನ ಚಿಗಟಗಳು ಬಿಸಿರಕ್ತ ಹುಡುಕಿಕೊಂಡು ಹೊರಗೆ ನೆಗೆಯುತ್ತವೆ. ಪಕ್ಕದಲ್ಲಿ ಇನ್ನೊಂದು ಇಲಿ ಸಿಕ್ಕರೆ ಅದು, ಇಲ್ಲದಿದ್ದರೆ ಮನುಷ್ಯ. ಚಿಗಟದ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯ ಬೆಳೆದು ಅನ್ನನಾಳಕ್ಕೆ ಬಿರಡೆ ಹಾಕಿದಂತೆ ಅಡ್ಡ ಕಟ್ಟುತ್ತದೆ. ಕುಡಿದ ರಕ್ತ ಒಳಗೆ ಇಳಿಯದೆ ಹಸಿದ ಚಿಗಟ ಹುಚ್ಚು ಹಿಡಿದಂತೆ ಮತ್ತೆ ಮತ್ತೆ ಕಚ್ಚುತ್ತದೆ, ಕಚ್ಚಿದಾಗೆಲ್ಲ ಬ್ಯಾಕ್ಟೀರಿಯವನ್ನು ಗಾಯದೊಳಕ್ಕೆ ಕಕ್ಕುತ್ತದೆ. ಸಿಮೊಂಡನ ಮಾತನ್ನು ಆಗ ಬಹಳ ಮಂದಿ ನಂಬಲಿಲ್ಲ. ಮುಳಬಾಗಿಲಿನ ತೋಪಿನಲ್ಲಿದ್ದವರಿಗೆ ಚಿಗಟದ ವಿಷಯ ತಿಳಿಯದಿದ್ದರೂ ಇಲಿ ಬಿದ್ದ ಮನೆಯಿಂದ ದೂರ ಇರಬೇಕೆಂಬುದಂತೂ ತಿಳಿದಿತ್ತು.

ಈಗ ವಿಷದ ವಿಚಾರದಲ್ಲಿ ನಾನೇಕೆ ಬೆಚ್ಚಿದೆ ಎಂಬುದು ನಿಮಗೆ ಹೊಳೆದಿರಬೇಕು. ಒಂದೇ ರಾತ್ರಿ ನೂರು ಇಲಿಗಳನ್ನು ಕೊಂದರೆ ಅವುಗಳ ಮೈಮೇಲಿದ್ದ ಚಿಗಟಗಳೆಲ್ಲ ಮನೆ ಕಳೆದುಕೊಂಡ ನಿರಾಶ್ರಿತರು. ಅದಕ್ಕೇ ಪ್ಲೇಗು ನಿಯಂತ್ರಣದವರು ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಮೊದಲು ಬಿಲಗಳಿಗೆ, ಇಲಿ ಓಡಾಡುವ ದಾರಿಗೆ ಕೀಟನಾಶಕದ ಪುಡಿ ಹಾಕಿ ಚಿಗಟ ಕೊಲ್ಲಬೇಕು. ಇಲಿಯ ಸರದಿ ಆಮೇಲೆ.

ಗಾಬರಿಯಾಗಬೇಡಿ, ಮಣಿಕೊಂಡದಲ್ಲಿ ಪ್ಲೇಗಿದೆ ಎಂದು ನಾನು ಹೇಳುತ್ತಿಲ್ಲ. ನಾನು ಹೇಳಹೊರಟಿರುವುದು ಬೇರೆ. ಪ್ಲೇಗು ಮೂಲತಃ ಮನುಷ್ಯನ ಕಾಯಿಲೆಯೂ ಅಲ್ಲ, ಮನೆ ಇಲಿಯ ಕಾಯಿಲೆಯೂ ಅಲ್ಲ. ಮನೆ ಇಲಿಗೆ ತಗುಲಿದರೆ ಅದು ಬೇಗ ಸಾಯುತ್ತದೆ. ಎಲ್ಲ ಇಲಿಗಳೂ ಸತ್ತರೆ ಬ್ಯಾಕ್ಟೀರಿಯಕ್ಕೂ ನೆಲೆ ತಪ್ಪುತ್ತದೆ. ಹಾಗಾದರೆ ಎರಡು ಪಿಡುಗುಗಳ ನಡುವಿನ ವರ್ಷಗಳಲ್ಲಿ ಅದು ಎಲ್ಲಿರುತ್ತದೆ? ಕಾಡುಮೇಡಿನ ಬಿಲಗಳಲ್ಲಿ. ಇರಾನಿನ ಪಾಶ್ಚರ್ ಸಂಸ್ಥೆಯ ಮಾರ್ಸೆಲ್ ಬಾಲ್ಟಜಾರ್ಡ್ ಮತ್ತು ಸಂಗಡಿಗರು ಕುರ್ದಿಸ್ತಾನದ ಬಯಲಿನಲ್ಲಿ ಬಿಲ ಅಗೆದು ಅಗೆದು ಇದನ್ನು ತೋರಿಸಿದರು. ಅಲ್ಲಿನ ಕೆಲವು ಜರ್ಬಿಲ್ ಜಾತಿಗಳು ಪ್ಲೇಗಿಗೆ ಬೇಗ ಬಲಿಯಾಗುತ್ತವೆ, ಕೆಲವು ತಡೆದುಕೊಂಡು ಬದುಕುತ್ತವೆ. ತಡೆದುಕೊಳ್ಳುವವು ಇರುವವರೆಗೆ ರೋಗವೂ ಉಳಿಯುತ್ತದೆ. ಭಾರತದಲ್ಲಿ ಆ ಪಾತ್ರ ವಹಿಸುವುದು ನಮ್ಮ ಕುಚ್ಚುಬಾಲದ ಟಟೇರಾ. ಹೊರಗೆ ನೆಲ ಸುಡುತ್ತಿದ್ದರೂ ಬಿಲದೊಳಗೆ ತಂಪು, ತೇವ. ಸುಡುಬಿಸಿಲಿನಲ್ಲಿ ಸಾಯುವ ಚಿಗಟ ಅಲ್ಲಿ ತಿಂಗಳುಗಟ್ಟಲೆ ಬದುಕಬಲ್ಲುದು.

ಕರ್ನಾಟಕ, ಆಂಧ್ರ, ತಮಿಳುನಾಡು ಮೂರೂ ಸೇರುವ ಮೂಲೆ, ಎಂದರೆ ಕೋಲಾರ, ಚಿತ್ತೂರು, ಹೊಸೂರು ಸೀಮೆ, ದಕ್ಷಿಣ ಭಾರತದಲ್ಲಿ ಇಂಥ ಒಂದು ನೆಲೆ. 1994ಕ್ಕೆ ಮುಂಚೆ ಇಡೀ ದೇಶದಲ್ಲಿ ಪ್ರಯೋಗಾಲಯದಲ್ಲಿ ಖಚಿತವಾದ ಕೊನೆಯ ಪ್ಲೇಗು ರೋಗಿ ವರದಿಯಾದದ್ದು 1966ರಲ್ಲಿ, ಇದೇ ಮುಳಬಾಗಿಲಿನಿಂದ. ಅಜ್ಜಿಯ ಊರಿನ ಹೆಸರು ಇಂಥ ಪುಸ್ತಕದಲ್ಲಿ ಸಿಕ್ಕಾಗ ಹೆಮ್ಮೆಪಡಬೇಕೋ ಬೇಡವೋ ತಿಳಿಯಲಿಲ್ಲ, ಬಿಡಿ. ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ಲೇಗು ಕಣ್ಗಾವಲು ಘಟಕದವರು ಈ ಸೀಮೆಯಲ್ಲಿ ಬೋನು ಇಟ್ಟು ಇಲಿ ಹಿಡಿಯುತ್ತಾರೆ, ಚಿಗಟ ಬಾಚಿ ಎಣಿಸುತ್ತಾರೆ, ರಕ್ತ ಪರೀಕ್ಷೆ ಮಾಡುತ್ತಾರೆ. ಪ್ಲೇಗು ತಗುಲಿ ಬದುಕಿ ಉಳಿದ ಪ್ರಾಣಿಯ ರಕ್ತದಲ್ಲಿ ಪ್ರತಿಕಾಯಗಳಿರುತ್ತವೆ. ಊರ ನಾಯಿಯ ರಕ್ತವನ್ನೂ ನೋಡುವುದುಂಟು. ನಾಯಿ ಇಲಿ ತಿನ್ನುತ್ತದೆ, ರೋಗ ತಗುಲಿದರೂ ಸಾಮಾನ್ಯವಾಗಿ ಸಾಯುವುದಿಲ್ಲ; ಸುತ್ತಲಿನ ಇಲಿಗಳ ಸುದ್ದಿಯನ್ನು ಅದರ ರಕ್ತ ಬರೆದಿಟ್ಟುಕೊಂಡಿರುತ್ತದೆ. ನನಗಂತೂ ಇದು ಬಹಳ ಚಂದದ ಉಪಾಯವೆನಿಸುತ್ತದೆ.

ಸರಿ, ಬಿಲದಲ್ಲಿ ಸುಮ್ಮನೆ ಮಲಗಿದ್ದ ರೋಗ ಎದ್ದು ಊರಿಗೆ ಬರುವುದು ಯಾವಾಗ? ಸುತ್ತಲಿನ ಪರಿಸರ ಬದಲಾದಾಗ.

ಇಲ್ಲಿಗೆ ಹತ್ತಿರದ ಉದಾಹರಣೆಯನ್ನೇ ಹೇಳುತ್ತೇನೆ. 1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಮುನ್ನ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಹೈದರಾಬಾದಿನಲ್ಲೂ ಜನ ಹಾಸಿಗೆಯಿಂದ ಎದ್ದು ಕೂತಿದ್ದರು. ಬೀದರ, ಗುಲ್ಬರ್ಗಾ ಕಡೆಯ ನಿಮ್ಮ ಬಂಧುಗಳನ್ನು ಕೇಳಿ, ಇವತ್ತಿಗೂ ಹೇಳುತ್ತಾರೆ. ಸಾವಿರಾರು ಜನ ಸತ್ತರು, ಮನೆಗಳು ಕಲ್ಲಿನ ರಾಶಿಯಾದವು. ಉಳಿದವರು ತಾತ್ಕಾಲಿಕ ಶೆಡ್ಡುಗಳಿಗೆ ಹೋದರು. ಪಾಳುಬಿದ್ದ ಮನೆಗಳಲ್ಲಿ ಜೋಳ ಹಾಗೆಯೇ ಉಳಿಯಿತು, ಅದರ ಮೇಲೆ ಪರಿಹಾರದ ಧಾನ್ಯವೂ ಬಂದು ಶೇಖರವಾಯಿತು. ಹನ್ನೊಂದು ತಿಂಗಳು ಕಳೆದು 1994ರ ಆಗಸ್ಟಿನಲ್ಲಿ ಪಕ್ಕದ ಬೀಡ್ ಜಿಲ್ಲೆಯ ಮಾಮ್ಲಾ ಎಂಬ ಹಳ್ಳಿಯಲ್ಲಿ ಮನೆ ಇಲಿಗಳು ಸತ್ತು ಬೀಳತೊಡಗಿದವು, ಚಿಗಟದ ಕಾಟ ತಡೆಯಲಾರದೆ ಜನ ದೂರು ಕೊಟ್ಟರು. ತಿಂಗಳ ಕೊನೆಯ ಹೊತ್ತಿಗೆ ಜ್ವರ, ತೊಡೆಸಂದಿಯಲ್ಲಿ ಗಡ್ಡೆ. ಭೂಕಂಪದಿಂದ ಬಯಲಿಲಿಗಳ ಬಿಲಗಳು ಕೆಟ್ಟವು, ಇತ್ತ ಬಿಟ್ಟುಹೋದ ಧಾನ್ಯ ತಿಂದು ಮನೆ ಇಲಿಗಳ ಸಂತತಿ ಹೆಚ್ಚಿತು, ಇವೆರಡೂ ಒಂದಕ್ಕೊಂದು ಎದುರಾದವು, ಚಿಗಟಗಳು ಅದಲುಬದಲಾದವು ಎಂಬುದು ತಜ್ಞರಲ್ಲಿ ಹಲವರು ಕೊಟ್ಟ ವಿವರಣೆ. ಬೀಡಿನಲ್ಲಿ ಭೂಕಂಪದ ಪಾಲೆಷ್ಟು ಎಂಬ ಬಗ್ಗೆ ಎಲ್ಲರದೂ ಒಂದೇ ಅಭಿಪ್ರಾಯವಲ್ಲ. ಆದರೆ ಕ್ರಮವನ್ನು ಗಮನಿಸಿ: ಮೊದಲು ನೆಲ, ಆಮೇಲೆ ಧಾನ್ಯ, ಆಮೇಲೆ ಇಲಿ, ಆಮೇಲೆ ಚಿಗಟ, ಎಲ್ಲದರ ಕೊನೆಗೆ ಮನುಷ್ಯ.

ಮುಂದಿನ ತಿಂಗಳು ಸೂರತ್ತಿನಲ್ಲಿ, ಪ್ರವಾಹ ಇಳಿದ ಮೇಲೆ, ಶ್ವಾಸಕೋಶದ ಪ್ಲೇಗು. ಅದು ಚಿಗಟವಿಲ್ಲದೆಯೂ ಕೆಮ್ಮಿನಿಂದ ಹರಡುತ್ತದೆ. ಲಕ್ಷಗಟ್ಟಲೆ ಜನ ರೈಲು ಹತ್ತಿ ಓಡಿದರು, ಔಷಧದ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ಖಾಲಿಯಾಯಿತು, ಪರದೇಶಗಳು ವಿಮಾನ ನಿಲ್ಲಿಸಿದವು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೆ ಹೋದದ್ದು 876 ಶಂಕಿತ ಪ್ರಕರಣ, 54 ಸಾವು. ಅದು ಪ್ಲೇಗೇ ಅಲ್ಲ ಎಂದು ಆಗ ದೊಡ್ಡ ವಾದ ನಡೆಯಿತು. ಪ್ಲೇಗೇ ಹೌದೆಂದು ಮುಂದೆ ಬ್ಯಾಕ್ಟೀರಿಯದ ವಂಶವಾಹಿ ಪರೀಕ್ಷೆಗಳು ತೋರಿಸಿದವು.

ಭೂಕಂಪ ದಿನಾ ಆಗುವುದಿಲ್ಲ. ಮಳೆ, ಬಿಸಿಲು ಮಾತ್ರ ದಿನನಿತ್ಯದ ಮಾತು. ಅದಕ್ಕೆ ಒಳ್ಳೆಯ ಲೆಕ್ಕ ಇಟ್ಟಿರುವವರು ಕಜಕಸ್ತಾನದವರು. ಅಲ್ಲಿನ ಮರುಭೂಮಿಯಲ್ಲಿ ದೊಡ್ಡ ಜರ್ಬಿಲ್ ಎಂಬುದಿದೆ. ಅದರ ಬಿಲಗಳ ಊರು ಎಷ್ಟು ವಿಸ್ತಾರವೆಂದರೆ ಉಪಗ್ರಹದ ಚಿತ್ರದಲ್ಲಿ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ಸೋವಿಯತ್ ಕಾಲದಲ್ಲಿ 1949ರಿಂದಲೂ ವರ್ಷಕ್ಕೆರಡು ಸಲ ಬಿಲ ಎಣಿಸಿ, ಜರ್ಬಿಲ್ ಹಿಡಿದು, ಪ್ಲೇಗು ಪರೀಕ್ಷೆ ಮಾಡುತ್ತ ಬಂದರು. ಆ ಹಳೆಯ ದಫ್ತರುಗಳನ್ನು ಕೂಡಿ ಕಳೆದು ವಿಜ್ಞಾನಿಗಳು ಎರಡು ಸಂಗತಿ ಕಂಡುಕೊಂಡರು. 2004ರಲ್ಲಿ ಪ್ರಕಟವಾದ ಮೊದಲನೆಯದು: ಜರ್ಬಿಲ್‌ಗಳ ಸಂಖ್ಯೆ ಒಂದು ಮಟ್ಟ ದಾಟಿದರೆ ಮಾತ್ರ ಪ್ಲೇಗು ಹರಡುತ್ತದೆ, ಅದೂ ತಕ್ಷಣವಲ್ಲ, ಸುಮಾರು ಎರಡು ವರ್ಷ ತಡವಾಗಿ. 2006ರಲ್ಲಿ ಪ್ರಕಟವಾದ ಎರಡನೆಯದು: ವಸಂತದ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಜರ್ಬಿಲ್‌ಗಳಲ್ಲಿ ಪ್ಲೇಗು ಶೇಕಡಾ 50ಕ್ಕೂ ಹೆಚ್ಚು ಏರುತ್ತದೆ.

ಒಂದೇ ಒಂದು ಡಿಗ್ರಿ! ಚಳಿ ಬೇಗ ಹಿಂದೆ ಸರಿದರೆ ಚಿಗಟಗಳಿಗೆ ಮರಿ ಮಾಡಲು ಹೆಚ್ಚು ದಿನ ಸಿಗುತ್ತದೆ. ಬೇಸಗೆಯಲ್ಲಿ ತೇವವೂ ಇದ್ದರಂತೂ ಕೇಳುವುದೇ ಬೇಡ.

ಇದನ್ನು ಓದಿ 'ಭೂಮಿ ಬಿಸಿಯಾದರೆ ಎಲ್ಲ ಕಡೆ ಪ್ಲೇಗು' ಎಂದು ಪೋಸ್ಟರ್ ಬರೆಯಲು ಹೊರಡಬೇಡಿ. ನಿಮ್ಮ ವಯಸ್ಸಿನಲ್ಲಿ ನಾನೂ ಹಾಗೇ ಪೋಸ್ಟರ್ ಬರೆಯುತ್ತಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಕಜಕಸ್ತಾನದಲ್ಲಿ ಚಳಿ ಹೆಚ್ಚು, ಆದ್ದರಿಂದ ಅಲ್ಲಿ ಬೆಚ್ಚಗಾದರೆ ಚಿಗಟಕ್ಕೆ ಹಬ್ಬ. ನಮ್ಮ ದಖ್ಖನ್ನಿನಲ್ಲಿ ಏಪ್ರಿಲ್, ಮೇ ತಿಂಗಳ ಒಣ ಸೆಕೆಗೆ ಚಿಗಟವೇ ಸಾಯುತ್ತದೆ. ಹಿಂದಿನ ಕಾಲದಲ್ಲೂ ಬಿಸಿಲು ಏರಿದಂತೆ ಪ್ಲೇಗು ಇಳಿಯುತ್ತಿತ್ತು. ನಮ್ಮಲ್ಲಿ ನೋಡಬೇಕಾದದ್ದು ಬರಿಯ ಬಿಸಿಯನ್ನಲ್ಲ, ನೀರನ್ನು ಮತ್ತು ನೆಲದ ಬಳಕೆಯನ್ನು.

ರಾಜಸ್ಥಾನದ ಇಂದಿರಾ ಗಾಂಧಿ ಕಾಲುವೆಯ ಕಥೆ ಕೇಳಿ. ಮರುಭೂಮಿಗೆ ನೀರು ಬಂತು, ಗೋಧಿ ಹತ್ತಿ ಬೆಳೆದವು, ಜನ ನೆಮ್ಮದಿ ಕಂಡರು. ಜೋಧಪುರದ ಕೇಂದ್ರೀಯ ಒಣವಲಯ ಸಂಶೋಧನಾ ಸಂಸ್ಥೆಯಲ್ಲಿ ಜೀವಮಾನವೆಲ್ಲ ಇಲಿಗಳನ್ನೇ ಅಭ್ಯಾಸ ಮಾಡಿದ ಈಶ್ವರ ಪ್ರಕಾಶ್ ಮತ್ತು ಸಂಗಡಿಗರು ಆ ನೀರಿನ ಹಿಂದೆ ಇನ್ನೇನು ಬಂತು ಎಂದು ನೋಡಿದರು. ಮರಳಿನಲ್ಲೇ ಬಾಳುವ ಮರುಭೂಮಿ ಜರ್ಬಿಲ್ ಒದ್ದೆ ನೆಲದಿಂದ ಹಿಂದೆ ಸರಿಯಿತು. ತೇವ ಬಯಸುವ ಹೆಗ್ಗಣದ ಜಾತಿ, ಹೊಲದ ಇಲಿಗಳು, ನಮ್ಮ ಟಟೇರಾ ಮುಂದೆ ಬಂದವು. ಹಿಂದೆ ಒಬ್ಬರ ಮುಖ ಒಬ್ಬರು ನೋಡದ ಪ್ರಾಣಿಗಳು ನೆರೆಹೊರೆಯಾದವು. ಇದರಿಂದ ಅಲ್ಲಿ ಪ್ಲೇಗು ಬಂತೆಂದಲ್ಲ. ಯಾವ ಇಲಿ ಯಾವ ಇಲಿಯ ಪಕ್ಕದಲ್ಲಿ ವಾಸಿಸುತ್ತದೆ ಎಂಬ ಪಟ್ಟಿ ಬದಲಾದಾಗ ಚಿಗಟ ಹೋಗುವ ದಾರಿಯೂ ಬದಲಾಗುತ್ತದೆ ಎಂಬುದಷ್ಟೇ ವಿಷಯ.

ನನ್ನ ಕೋಲಾರಕ್ಕೂ ಹೀಗೆಯೇ ನೀರು ಬಂದಿದೆ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಚರಂಡಿ ನೀರನ್ನು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಅಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ ಕೆರೆ ತುಂಬಿದ್ದನ್ನು ನೋಡಿದಾಗ ನನ್ನ ಕಣ್ಣೂ ತುಂಬಿತು. ಆ ನೀರಿನ ಗುಣಮಟ್ಟದ ಜಗಳ ಬೇರೆ ಇದೆ, ಇಲ್ಲಿ ಬೇಡ. ನೀರು ಬಂದಲ್ಲಿ ಬೆಳೆ ಬದಲಾಗುತ್ತದೆ, ಬೆಳೆಯ ಜೊತೆಗೆ ಇಲಿಯೂ ಬದಲಾಗುತ್ತದೆ. ದೇಶದ ಹಳೆಯ ಪ್ಲೇಗು ನೆಲೆಯೊಂದರಲ್ಲಿ ಇಷ್ಟು ದೊಡ್ಡ ಬದಲಾವಣೆ ಆಗುವಾಗ ಕೆರೆಯ ನೀರು ಅಳೆಯುವವರ ಜೊತೆಗೆ ಬೋನು ಹಿಡಿದವರೂ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ನಿಮ್ಮಲ್ಲಿ ಜೀವವಿಜ್ಞಾನ ಓದುತ್ತಿರುವವರು ಪ್ರಾಜೆಕ್ಟಿಗೆ ವಿಷಯ ಹುಡುಕಿ ಹುಡುಕಿ ಕೊನೆಗೆ ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುವುದನ್ನು ಬಲ್ಲೆ. ಇಗೋ, ಅಜ್ಜನ ಊರಿನಲ್ಲೇ ವಿಷಯ ಕಾದಿದೆ.

ಇನ್ನು ಮಣಿಕೊಂಡ. ಇಲ್ಲಿ ನಾವು ನೀರು ತಂದಿಲ್ಲ, ಬಂಡೆ ಒಡೆದಿದ್ದೇವೆ. ಇನ್ನೂರೈವತ್ತು ಕೋಟಿ ವರ್ಷದ ಕಲ್ಲು ಒಂದು ವಾರದಲ್ಲಿ ಜಲ್ಲಿಯಾಗುತ್ತದೆ. ಅದರ ಬುಡದ ಬಿಲದಲ್ಲಿದ್ದವು ಎಲ್ಲಿಗೆ ಹೋಗಬೇಕು? ಪಕ್ಕದ ಕಾಂಪೌಂಡಿಗೆ. ಅಲ್ಲಿ ನಾವು ಕಸದ ಡಬ್ಬ ತೆರೆದಿಟ್ಟು, ಪಾರಿವಾಳಕ್ಕೆಂದು ಜೋಳ ಚೆಲ್ಲಿ, ಮನೆ ಇಲಿ ಹೆಗ್ಗಣಗಳನ್ನು ಮೊದಲೇ ಸಾಕಿಕೊಂಡಿದ್ದೇವೆ. ಬಯಲಿನವೂ ಊರಿನವೂ ಸಂಧಿಸುವ ಜಾಗವನ್ನು ಯಾರೂ ಹೇಳದೆಯೇ ಏರ್ಪಡಿಸಿಕೊಟ್ಟಿದ್ದೇವೆ. ಇಲ್ಲಿ ಪ್ಲೇಗಿಗಿಂತ ಇಲಿಯ ಮೂತ್ರದಿಂದ ಬರುವ ಇಲಿಜ್ವರ, ಚಿಗಟದಿಂದ ಬರುವ ಟೈಫಸ್ ಜ್ವರ ನಮಗೆ ಹತ್ತಿರದ ಮಾತು. ಪ್ಲೇಗೇ ಆದರೂ ಇಂದು ಅಜ್ಜಿಯ ಕಾಲವಲ್ಲ. ಬೇಗ ಗುರುತಿಸಿದರೆ ಸ್ಟ್ರೆಪ್ಟೊಮೈಸಿನ್, ಡಾಕ್ಸಿಸೈಕ್ಲಿನ್‌ನಂಥ ಔಷಧಗಳಿಂದ ವಾಸಿಯಾಗುತ್ತದೆ. ತಡವಾದರೆ ಮಾತ್ರ ಕಷ್ಟ.

ಶನಿವಾರ ಸಂಜೆ ಆ ಹುಡುಗಿಯ ಮನೆಗೆ ಹೋದೆ. ಅವರ ತಂದೆ ಅಪಾರ್ಟ್‌ಮೆಂಟ್ ಸಮಿತಿಯವರನ್ನೂ ಕರೆಸಿದ್ದರು. ಮೊದಲಿಗೆ, "ಇಲಿಗೇನು ಸಾರ್ ಇಷ್ಟೊಂದು ಪುರಾಣ" ಎಂದು ಒಬ್ಬರು ನಕ್ಕರು. ಅಜ್ಜಿಯ ತೋಪಿನ ಕಥೆ ಹೇಳಿದೆ. ಅವರು ಬೀದರಿನವರು, ಅವರ ಮನೆಯಲ್ಲೂ ಅಂಥದೇ ಒಂದು ಕಥೆ ಇತ್ತು. ಒಂದು ಗಂಟೆ ಮಾತಾಡಿ ಕೊನೆಗೆ ಒಪ್ಪಿಕೊಂಡದ್ದು ಇಷ್ಟು: ವಿಷ ಒಂದು ವಾರ ಮುಂದಕ್ಕೆ. ಮೊದಲು ಕಸ ಮುಚ್ಚುವುದು, ಕಾಳು ಚೆಲ್ಲುವುದನ್ನು ನಿಲ್ಲಿಸುವುದು, ಪೈಪು ಸಂದುಗಳಿಗೆ ಜಾಲರಿ ಹಾಕಿಸುವುದು. ಇಲಿ ಕೊಲ್ಲುವ ಕೆಲಸಕ್ಕೆ ಬರುವವರು ಚಿಗಟದ ಪುಡಿ ಮೊದಲು ಹಾಕಬೇಕು. ಸತ್ತ ಇಲಿ ಕಂಡರೆ ಕಾವಲುಗಾರ ಬರಿಗೈಯಲ್ಲಿ ಬಾಲ ಹಿಡಿದು ಎಸೆಯಬಾರದು, ಅವನಿಗೆ ಕೈಚೀಲ ಕೊಡಿಸಬೇಕು. ಕಾರಣವಿಲ್ಲದೆ ಒಟ್ಟಿಗೆ ಹಲವು ಇಲಿ ಸತ್ತು ಬಿದ್ದರೆ ಗುಡಿಸುವ ಮೊದಲು ಆರೋಗ್ಯ ಇಲಾಖೆಗೆ ಫೋನು ಮಾಡಬೇಕು.

ಆ ಹುಡುಗಿಗೆ ಒಂದು ಕೆಲಸ ಹೇಳಿಕೊಟ್ಟೆ. ಬಿಲ ಎಣಿಸುವವರು ಎಲ್ಲ ಕಡೆ ಮಾಡುವುದು ಅದನ್ನೇ. ಸಂಜೆ ಬಿಲದ ಬಾಯಿಗಳನ್ನೆಲ್ಲ ಮಣ್ಣಿನಿಂದ ಮುಚ್ಚುವುದು, ಮಾರನೆಯ ಬೆಳಿಗ್ಗೆ ಎಷ್ಟು ತೆರೆದುಕೊಂಡಿವೆ ಎಂದು ನೋಡುವುದು. ತೆರೆದದ್ದರಲ್ಲಿ ಜೀವವಿದೆ ಎಂದು ಲೆಕ್ಕ. ಹಾವಿನ ಭಯವುಂಟು, ಬೂಟು ಹಾಕಿಕೋ, ಕೈ ಹಾಕಬೇಡ, ಅಪ್ಪನ ಜೊತೆ ಹೋಗು ಎಂದೆ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಫೋನು ಬಂತು. ಜೆಸಿಬಿ ಇನ್ನೂ ಮುಟ್ಟದ ಮೂಲೆಯಲ್ಲಿ ಹದಿನಾಲ್ಕು ಬಿಲ ಮುಚ್ಚಿದ್ದಳಂತೆ. ಹನ್ನೊಂದು ತೆರೆದಿದ್ದವು.